ನಾಳೆಗೆ ಹೊಂದಿಸಿಕೊಳ್ಳುವ ಪಾಠ: ಮಕ್ಕಳಲ್ಲಿ ಅಚ್ಚುಕಟ್ಟು ಮತ್ತು ಮುಂದಾಲೋಚನೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಮಣ್ಣೂರದಂಥ ಊರಲ್ಲಿ ಮುಂಜಾನೆಯ ಹೊತ್ತು ಬಹಳ ಅವಸರದ್ದು. ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟಬೇಕು, ದನಕ್ಕೆ ಮೇವು ಹಾಕಬೇಕು. ಮಗುವಿಗೆ ಗಣಿತದ ನೋಟ್‌ಬುಕ್ ಸಿಗದೇ ಹೋಗುವುದೂ ಅದೇ ಗಳಿಗೆಯಲ್ಲೇ. ಬೈಗುಳ ಬೀಳುತ್ತದೆ, ಕೊನೆಗೆ ತಾಯಿಯೇ ಹುಡುಕಿ ಚೀಲಕ್ಕೆ ತುರುಕುತ್ತಾಳೆ. ನಾವು ಸೋಮಾರಿತನ ಎನ್ನುವುದು ಎಷ್ಟೋ ಸಲ ಸೋಮಾರಿತನವಲ್ಲ, ಯಾರೂ ಕಲಿಸದೇ ಬಿಟ್ಟ ಕೌಶಲ.

ಕೌಶಲದ ಸ್ವರೂಪ

ವಸ್ತುಗಳನ್ನು ಅವುಗಳ ಜಾಗದಲ್ಲಿಡುವುದು, ಕೆಲಸವನ್ನು ಹಂತಗಳಾಗಿ ಒಡೆಯುವುದು, ಯಾವುದು ಮೊದಲು ಎಂದು ನಿರ್ಧರಿಸುವುದು, ಎಷ್ಟು ಹೊತ್ತು ಬೇಕೆಂದು ಅಂದಾಜಿಸುವುದು ಇವೆಲ್ಲ ಸೇರಿ ಈ ಕೌಶಲ. ಇದಕ್ಕೆ ಮುಖ್ಯವಾಗಿ ಬೇಕಾದ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ಎಂಟು ವರ್ಷದ ಮಗು ವಾರದ ಕೆಲಸವನ್ನು ತಾನಾಗಿ ಯೋಜಿಸಲಿ ಎಂದು ಕಾಯುವುದು ನ್ಯಾಯವಲ್ಲ. ನಾಳೆಯೊಂದನ್ನು ಯೋಜಿಸಲು ಅದಕ್ಕೆ ಖಂಡಿತ ಬರುತ್ತದೆ, ಜೊತೆಗೆ ಒಬ್ಬರು ಕೂತರೆ.

ನಲಿ-ಕಲಿಯ ಏಣಿ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಈ ಕಲಿಕೆಗೆ ಒಳ್ಳೆಯ ಮಾದರಿ ಆಗಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದ ಶಿಕ್ಷಕರು ನಲಿ-ಕಲಿ ಪದ್ಧತಿಯನ್ನು ಕಟ್ಟಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲನ್ನು ಗುರುತಿಸಿ, ಅದರ ಕಾರ್ಡನ್ನು ತಾನೇ ಹುಡುಕಿ ತಂದು, ತನ್ನ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂಡುತ್ತದೆ. ತಟ್ಟೆಗಳು ಐದು. ಮೊದಲನೆಯದರಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಆಮೇಲೆ ಅವರ ನೆರವು ಕಡಿಮೆಯಾಗಿ ಗೆಳೆಯರ ನೆರವು ಬರುತ್ತದೆ, ಐದನೆಯದರಲ್ಲಿ ಮಗು ಒಂಟಿಯಾಗಿ ಕಲಿಯುತ್ತದೆ.

ಇದರ ದೊಡ್ಡ ಉಪಕಾರ ದುಡಿಯುವವರ ಮಕ್ಕಳಿಗೆ. ಹೊಲದಲ್ಲಿ ಹೆಸರು ಬಿಡಿಸುವ ದಿನಗಳಲ್ಲಿ, ಇಲ್ಲವೇ ದುಡಿಮೆಗೆ ಗೋವಾ-ಮಂಗಳೂರಿಗೆ ಹೋದ ಹೆತ್ತವರ ಜೊತೆಗೆ ಶಾಲೆ ತಪ್ಪಿಸಿದ ಮಗು, ತಿರುಗಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಏರಬಹುದು. ‘ನಾನೆಲ್ಲಿದ್ದೇನೆ, ಮುಂದೇನು’ ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಲು ಆರು ವರ್ಷದ ಮಗುವಿಗೆ ಬರುತ್ತದೆಂದರೆ ಅದು ಸಣ್ಣ ಸಾಧನೆಯಲ್ಲ.

ನನ್ನ ಕಳವಳ ಇರುವುದು ನಾಲ್ಕನೆಯ ತರಗತಿಯ ಬಗ್ಗೆ. ಅಲ್ಲಿಗೆ ಏಣಿ ಮುಗಿಯುತ್ತದೆ. ವೇಳಾಪಟ್ಟಿ, ಗಂಟೆ, ಮನೆಗೆಲಸ ಎಲ್ಲವನ್ನೂ ದೊಡ್ಡವರೇ ನಿರ್ಧರಿಸುತ್ತಾರೆ. ಮೂರು ವರ್ಷ ತನ್ನ ಕಾರ್ಡನ್ನು ತಾನೇ ಹುಡುಕಿದ ಮಗು ಈಗ ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಏಣಿಯಲ್ಲಿ ಕಲಿತ ರೂಢಿ ತಪ್ಪದಂತೆ ನೋಡಿಕೊಳ್ಳುವ ಕೆಲಸ ಆಗ ಮನೆಯ ಪಾಲಿಗೆ ಬರುತ್ತದೆ.

ಮನೆಯಲ್ಲಿ

ಒಕ್ಕಲುತನದ ಮನೆಗಳಲ್ಲಿ ಯೋಜನೆಗೇನೂ ಕೊರತೆಯಿಲ್ಲ. ಹಿಂಗಾರಿ ಬಿಳಿಜೋಳಕ್ಕೆ ಎರಿಹೊಲ ಯಾವಾಗ ಹರಗಬೇಕು, ಬೀಜಕ್ಕೆಷ್ಟು, ಆಳೆಷ್ಟು, ಮಳೆ ಜಾರಿದರೆ ಕಡಲೆಯೋ ಕುಸುಬೆಯೋ ಎಂಬ ಲೆಕ್ಕ ಪಡಸಾಲೆಯಲ್ಲೇ ನಡೆಯುತ್ತದೆ. ಮಕ್ಕಳ ಪಾಲಿಗೆ ಬರುವುದು ಮಾತ್ರ ‘ಹೋಗು, ತಗೊಂಡ್ ಬಾ’ ಎಂಬ ಕೊನೆಯ ತುಂಡು. ಕೆಲಸ ಹೇಳುವಾಗ ಅದರ ಹಿಂದಿನ ಲೆಕ್ಕವನ್ನೂ ಹೇಳಿದರೆ ಅದೇ ಪಾಠ. ರೋಣದ ಸಂತೆಗೆ ಹೋಗುವ ಮುನ್ನ ಮನೆಯಲ್ಲಿ ಏನು ತೀರಿದೆಯೆಂದು ಡಬ್ಬಿ ತೆಗೆದು ನೋಡಿ ಪಟ್ಟಿ ಬರೆಯುವುದು ಐದನೆಯ ತರಗತಿಯ ಮಗುವಿಗೆ ಚೆನ್ನಾಗಿ ಒಪ್ಪುವ ಕೆಲಸ.

ಶಾಲೆಯ ಚೀಲಕ್ಕೆ ಗೋಡೆಯಲ್ಲಿ ಒಂದು ಗೂಟ, ಪುಸ್ತಕಕ್ಕೆ ಒಂದು ಮಾಡ ಮೀಸಲಿರಲಿ. ಬೇರೆ ಕೋಣೆ, ಮೇಜು-ಕುರ್ಚಿ ಬೇಕಿಲ್ಲ. ರಾತ್ರಿ ಊಟದ ನಂತರ ವೇಳಾಪಟ್ಟಿ ನೋಡಿ ಚೀಲ ತುಂಬುವ ರೂಢಿ ಮಾಡಿಸಿ. ಅದರಿಂದ ಚೀಲದ ಭಾರವೂ ಇಳಿಯುತ್ತದೆ. 2019ರ ರಾಜ್ಯ ಸರಕಾರದ ಆದೇಶದಂತೆ ಒಂದು-ಎರಡನೆಯ ತರಗತಿಯ ಚೀಲ 2 ಕಿಲೋ ಮೀರಬಾರದು, ಒಂಬತ್ತು-ಹತ್ತರದ್ದು 5 ಕಿಲೋ.

ಕಲಿಸುವ ಕ್ರಮ ನಲಿ-ಕಲಿಯ ತಟ್ಟೆಗಳದ್ದೇ. ಮೊದಲ ವಾರ ತಾಯಿ ತುಂಬಲಿ, ಮಗು ನೋಡಲಿ. ಆಮೇಲೆ ಇಬ್ಬರೂ ಸೇರಿ. ಮುಂದೆ ಮಗು ತುಂಬಲಿ, ತಾಯಿ ‘ನಾಳೆ ಏನೇನ್ ಬೇಕಪಾ?’ ಎಂದಷ್ಟೇ ಕೇಳಲಿ. ಕಡೆಗೆ ಆ ಪ್ರಶ್ನೆಯನ್ನೂ ಬಿಡಲಿ. ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1976ರಲ್ಲಿ, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವುದನ್ನು ಗಮನಿಸಿ ಬರೆದ ಪ್ರಸಿದ್ಧ ಲೇಖನದ ತಿರುಳೂ ಇದೇ: ಬೇಕಾದಷ್ಟೇ ಆಸರೆ ಕೊಡಬೇಕು, ಕೈ ಕುದುರಿದಂತೆ ಅದನ್ನು ತೆಗೆಯಬೇಕು. ನಮ್ಮಲ್ಲಿ ಹೆಚ್ಚಿನವರು ಎಡವುವುದು ತೆಗೆಯುವಲ್ಲಿ. ಮಗು ಒಂದು ದಿನ ಕಂಪಾಸ್ ಪೆಟ್ಟಿಗೆ ಮರೆತರೆ ಬೆನ್ನುಹತ್ತಿ ಓಡಿ ಮುಟ್ಟಿಸುವುದು ಬೇಡ. ಸಂಜೆ ಬೈಯುವುದೂ ಬೇಡ. ‘ನಾಳೆ ಮರೆಯಬಾರದಂದ್ರ ಎಲ್ಲಿ ಇಡಬೇಕು?’ ಎಂದು ಕೇಳಿ, ಉತ್ತರ ಅದರಿಂದಲೇ ಬರಲಿ.

ಹೊತ್ತನ್ನು ಗಡಿಯಾರಕ್ಕಿಂತ ಕೆಲಸಕ್ಕೆ ಗಂಟು ಹಾಕುವುದು ಸುಲಭ. ‘ಆರಕ್ಕೆ ಓದು’ ಎನ್ನುವುದಕ್ಕಿಂತ ‘ದನ ಕಟ್ಟಿ ಕೈಕಾಲು ತೊಳೆದ ಕೂಡಲೇ ಗಣಿತ’ ಎಂಬುದು ಮಗುವಿಗೆ ನೆನಪಿರುತ್ತದೆ. ಹೀಗೆ ಗಂಟು ಹಾಕಿದ ನಿರ್ಧಾರಗಳು ಹೆಚ್ಚು ಈಡೇರುತ್ತವೆಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅವರ ಅಧ್ಯಯನಗಳೂ ತೋರಿಸಿವೆ.

ಹೊಳೆ ಬಂದಾಗ

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ರೋಣ, ನರಗುಂದ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನುಗ್ಗಿತ್ತು. ಇಂಥಲ್ಲಿ ಮುಂದಾಲೋಚನೆ ಬರಿಯ ಅಂಕಗಳ ಮಾತಲ್ಲ. ಮಳೆಗಾಲಕ್ಕೆ ಮೊದಲೇ ಪಠ್ಯಪುಸ್ತಕ, ಅಂಕಪಟ್ಟಿ, ಆಧಾರ್ ಕಾರ್ಡು ನೀರು ಹೋಗದ ಒಂದೇ ಚೀಲದಲ್ಲಿ ಎತ್ತರಕ್ಕಿರಲಿ. ಅದರಲ್ಲೇನಿದೆ ಎಂಬ ಪಟ್ಟಿ ಮಗುವಿನ ಕೈಬರಹದಲ್ಲಿರಲಿ. ಗಾಬರಿಯ ಹೊತ್ತಿನಲ್ಲಿ ತನಗೊಂದು ಗೊತ್ತಾದ ಕೆಲಸವಿದೆ ಎಂಬುದೇ ಮಗುವಿಗೆ ಧೈರ್ಯ.

ಹೈಸ್ಕೂಲಿನಲ್ಲಿ

ಎಸ್ಸೆಸ್ಸೆಲ್ಸಿಗೆ ಆರು ವಿಷಯ. ಕಷ್ಟದ ವಿಷಯಕ್ಕೆ ಹೆಚ್ಚು ದಿನ ಎಂದು ಮಗುವೇ ಹಂಚಿಕೊಂಡು ಬರೆದ ಪಟ್ಟಿ, ಶಿಕ್ಷಕರು ಕೊಟ್ಟ ಪಟ್ಟಿಗಿಂತ ಹೆಚ್ಚು ಬಾಳುತ್ತದೆ. ವಾರದಲ್ಲೊಂದು ದಿನ ಖಾಲಿ ಬಿಡಲಿ, ಹಬ್ಬ-ಜಾತ್ರೆಗೆ ತಪ್ಪಿದ್ದನ್ನು ತುಂಬಿಕೊಳ್ಳಲು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷವೂ ಯಾವುದು ಮೊದಲು ಎಂದು ಯೋಚಿಸುವುದಕ್ಕೇ.

ನೆರವು ಬೇಕಾದಾಗ

ಎಷ್ಟು ಹೇಳಿಕೊಟ್ಟರೂ ದಿನವೂ ವಸ್ತು ಕಳೆಯುವ, ಒಂದು ಕಡೆ ಕೂಡಲಾಗದ, ಶುರು ಮಾಡಿದ್ದನ್ನು ಮುಗಿಸಲಾಗದ ಮಗುವನ್ನು ಮೊಂಡು ಎನ್ನಬಾರದು. ಗಮನದ ತೊಂದರೆಯೋ ಕಲಿಕೆಯ ತೊಂದರೆಯೋ ಇರಬಹುದು, ಕಿವಿ-ಕಣ್ಣಿನ ದೋಷವೂ ಇರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ತಂದೆ-ತಾಯಿ ಅದನ್ನು ಬಾಯಿಬಿಟ್ಟು ಹೇಳಬೇಕು. ಮುಂದಿನ ತಪಾಸಣೆಗೆ ಗದಗದ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋಗುವಾಗ ಮಗುವಿನ ನೋಟ್‌ಬುಕ್‌ಗಳನ್ನೂ ಜೊತೆಗೊಯ್ಯಿರಿ, ವೈದ್ಯರಿಗೆ ಅವು ಉಪಯೋಗಕ್ಕೆ ಬರುತ್ತವೆ.