ಏಜಿಯನ್ ಕಡಲಿನ ‘ನಿರ್ಜೀವ ವಲಯ’

ಕಡಲಿನ ಜೀವರಾಶಿಯನ್ನು ಆಳಕ್ಕನುಸಾರವಾಗಿ ವಲಯಗಳಾಗಿ ವಿಂಗಡಿಸುವ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಎಡ್ವರ್ಡ್ ಫೋರ್ಬ್ಸ್ ಪ್ರಮುಖನು. 1841–42ರಲ್ಲಿ ‘ಬೀಕನ್’ ನೌಕೆಯಲ್ಲಿದ್ದು ಏಜಿಯನ್ ಕಡಲಿನ ತಳವನ್ನು ಬಲೆಯಿಂದ ಗೋರಿ ಪರೀಕ್ಷಿಸಿದ ಈತನು ಅಲ್ಲಿ ಎಂಟು ವಲಯಗಳನ್ನು ಗುರುತಿಸಿದನು. ಆಳಕ್ಕಿಳಿದಂತೆ ಜೀವಿಗಳು ವಿರಳವಾದುವು. ಆರಡಿಯ ಮಾರಿನ ಲೆಕ್ಕದಲ್ಲಿ ಬಲೆ ಮುಟ್ಟಿದ ಆಳ 230 ಮಾರು. ಆದರೂ 300 ಮಾರುಗಳ ಕೆಳಗೆ ಜೀವವಿರಲಾರದೆಂದು ಆತನು ಊಹಿಸಿದನು. ಊಹಿಸಿದುದಕ್ಕಾಗಿ ಆತನನ್ನು ದೂರಲಾಗದು. ಅದನ್ನು ಸಕಲ ಸಾಗರಗಳಿಗೂ ಸಲ್ಲುವ ನಿಯಮವೆಂದು ಅನೇಕರು ಬಗೆದುದೇ ಪ್ರಮಾದವಾಯಿತು. ಏಜಿಯನ್ನಿನ ಆಳವು ಸ್ವಭಾವತಃ ಜೀವದಾರಿದ್ರ್ಯವುಳ್ಳದ್ದು. ಇತರ ಕಡಲುಗಳಿಗೆ ಅದು ಮಾದರಿಯಲ್ಲ. ಜಾನ್ ರಾಸ್ 1818ರಷ್ಟು ಹಿಂದೆಯೇ ಬ್ಯಾಫಿನ್ ಕೊಲ್ಲಿಯಲ್ಲಿ 300 ಮಾರುಗಳಿಗಿಂತ ಬಹಳ ಆಳದಿಂದ ಜೀವಿಗಳನ್ನು ಮೇಲೆತ್ತಿದ್ದನು. ಆ ಸಾಕ್ಷ್ಯವನ್ನು ಹೆಚ್ಚಿನವರು ಲಕ್ಷಿಸಲಿಲ್ಲ. (ಶಾಸನ ದೊರೆಯದ ಸೀಮೆಯನ್ನು ಜನಶೂನ್ಯವೆಂದು ಬರೆದುಬಿಡುವ ನಮಗೂ ಈ ದೋಷ ಹೊಸದಲ್ಲ.) 1860ರಲ್ಲಿ ಸಾರ್ಡಿನಿಯಾ ಹಾಗೂ ಆಲ್ಜೀರಿಯಾಗಳ ನಡುವಣ ಕೆಟ್ಟುಹೋದ ತಂತಿಯನ್ನು ಕಡಲಿನಿಂದ ಮೇಲೆತ್ತಲಾಗಿ, 1,000 ಮಾರುಗಳಿಗೂ ಮಿಕ್ಕ ಆಳದಲ್ಲಿದ್ದ ಭಾಗಕ್ಕೆ ಹವಳದ ಪ್ರಾಣಿಗಳು ಅಂಟಿ ಬೆಳೆದಿದ್ದುವು. ಮೇಲಿನ ನೀರಿನಲ್ಲಿ ಬಲೆಗೆ ಸಿಕ್ಕಿರಬಹುದೆಂಬ ಹಳೆಯ ಆಕ್ಷೇಪಕ್ಕೆ ಇಲ್ಲಿ ಎಡೆಯಿರಲಿಲ್ಲ. ಫೋರ್ಬ್ಸ್ ಇದನ್ನು ಕಾಣಲಿಲ್ಲ. 1854ರಲ್ಲಿಯೇ, ತನ್ನ 39ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡಿದ್ದನು.