ಸಿಂಬೆಯಿಂದ ಬುಟ್ಟಿಗೆ

ನಮ್ಮ ನಾಡಿನ ಕೈಗಸಬುಗಳ ಚರಿತ್ರೆಯನ್ನು ಬರೆದವರು ಶಿಲೆಗೂ ಲೋಹಕ್ಕೂ ನೂಲಿಗೂ ಸಲ್ಲಿಸಿದ ಗೌರವವನ್ನು ಹುಲ್ಲಿಗೂ ಬಿದಿರಿಗೂ ಸಲ್ಲಿಸಿದವರಲ್ಲ. ಇದರ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬೀದರಿನ ಬಿದರಿ ಪಾತ್ರೆಗಳು ಶ್ರೀಮಂತರ ಮನೆಗಳಲ್ಲಿ ಉಳಿದು ಬಂದು, ಇಂದು ಇದೇ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೊಳೆಯುತ್ತಿವೆ. ಅದೇ ಬೀದರಿನ ಸಂತೆಯಿಂದ ಮನೆಗೆ ಬಂದ ಪುಟ್ಟಿಯಾದರೋ ನಾಲ್ಕು ಮಳೆಗಾಲ ಕಂಡು, ಅಂಚು ಹರಿದು, ಕಡೆಗೆ ಒಲೆಗೆ ಹೋಗಿದೆ. ಉಳಿದ ವಸ್ತುವಿಗೆ ಚರಿತ್ರೆ ಇರುತ್ತದೆ. ಉಪಯೋಗಕ್ಕೆ ಸಂದು ತೀರಿದ ವಸ್ತುವಿಗೆ ಇರುವುದಿಲ್ಲ. ಇದು ಚರಿತ್ರಕಾರನ ಅನುಕೂಲವೇ ಹೊರತು ನ್ಯಾಯವಲ್ಲ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಶಾಸ್ತ್ರಜಿಜ್ಞಾಸೆಯಿಂದಲ್ಲ, ವರ್ಗಾವಣೆಯಿಂದ. ಬ್ಯಾಂಕಿನ ಕೆಲಸದ ಮೇಲೆ ಎರಡು ವರ್ಷ ಕುಮಾವೂಂ ಬೆಟ್ಟಗಳ ನಡುವಣ ಆಲ್ಮೋರಾದಲ್ಲಿ ಇರಬೇಕಾಗಿ ಬಂದಿತು. ಅಲ್ಲಿಯ ಇಳಿಜಾರುಗಳಲ್ಲಿ ಎತ್ತ ನೋಡಿದರೂ ಚೀಡ್ ಮರ. ಕಾಳಿದಾಸನು ಹಿಮಾಲಯದ ವರ್ಣನೆಯಲ್ಲಿ ಸರಲವೆಂದು ಕರೆದ ಪೈನ್ ಮರವೇ ಇದು. ಇದರ ಎಲೆ ಎಲೆಯಂತಿಲ್ಲ. ಸೂಜಿಯಂತೆ ನೀಳವಾಗಿ, ಮೂರು ಮೂರು ಒಂದೇ ಬುಡದಲ್ಲಿ ಕೂಡಿಕೊಂಡು, ಒಂದು ಗೇಣಿಗೂ ತುಸು ಮಿಕ್ಕು ಬೆಳೆಯುತ್ತದೆ. ಒಣಗಿ ಉದುರಿದ ಸೂಜಿಗಳನ್ನು ಅಲ್ಲಿಯವರು ಪಿರುಲ್ ಎನ್ನುತ್ತಾರೆ. ಬೇಸಿಗೆಯಲ್ಲಿ ಇವು ನೆಲದ ಮೇಲೆ ದಪ್ಪ ಹಾಸಿಗೆಯಂತೆ ಬಿದ್ದಿರುತ್ತವೆ. ಒಂದು ಕಿಡಿ ತಗುಲಿದರೆ ಸಾಕು, ಬೆಟ್ಟಕ್ಕೆ ಬೆಟ್ಟವೇ ಹತ್ತಿ ಉರಿಯುತ್ತದೆ. ಇಂತಹ ಅಪಾಯಕರವಾದ ಕಸದಿಂದ ನೆರೆಮನೆಯ ವೃದ್ಧೆಯೊಬ್ಬರು ರೊಟ್ಟಿ ಇಡುವ ಬುಟ್ಟಿಯನ್ನು ಮಾಡುತ್ತಿದ್ದುದನ್ನು ಕಂಡು, ಸಂಜೆಯ ವೇಳೆ ಕಳೆಯಲೆಂದು ನಾನೂ ಕಲಿತೆನು.

ಕೆಲಸ ಸುಲಭ, ತಾಳ್ಮೆ ಕಷ್ಟ. ಸೂಜಿಗಳನ್ನು ತೊಳೆದು, ನೀರಿನಲ್ಲಿ ನೆನೆಸಿ ಮೆದುವಾಗಿಸಿ, ಹತ್ತು ಹದಿನೈದನ್ನು ಒಂದು ಕಟ್ಟಾಗಿ ಹಿಡಿದು, ತುದಿಯನ್ನು ಬಿಗಿಯಾಗಿ ಸುತ್ತಿ ಒಂದು ಗುಂಡಿಯಷ್ಟು ಬಿಲ್ಲೆಯನ್ನು ಮಾಡಬೇಕು. ಆ ಬಳಿಕ ಕಟ್ಟನ್ನು ಆ ಬಿಲ್ಲೆಯ ಸುತ್ತಲೂ ಬಳಸುತ್ತ, ಪ್ರತಿ ಸುತ್ತನ್ನೂ ಅದರ ಒಳಗಿನ ಸುತ್ತಿಗೆ ದಾರದಿಂದ ಹೊಲಿಯುತ್ತ ಹೋಗಬೇಕು. ಸುತ್ತನ್ನು ಪಕ್ಕಕ್ಕೆ ಇಟ್ಟರೆ ತಳ ಅಗಲವಾಗುತ್ತದೆ. ಮೇಲಕ್ಕೆ ಇಟ್ಟರೆ ಗೋಡೆ ಏಳುತ್ತದೆ. ಕಟ್ಟಿನ ದಪ್ಪ ಎಲ್ಲೆಡೆಯೂ ಒಂದೇ ಆಗಿರಲೆಂದು ಅದನ್ನು ಒಂದು ಕಿರುಗೊಳವೆಯ ಮೂಲಕ ಹಾಯಿಸುತ್ತಾರೆ. ನಾನು ಹಳೆಯ ಪೆನ್ನಿನ ತುಂಡನ್ನು ಕತ್ತರಿಸಿಕೊಂಡಿದ್ದೇನೆ. ಮುಖ್ಯ ನಿಯಮ ಒಂದೇ: ಹಳೆಯ ಸೂಜಿ ಮುಗಿಯುವ ಮೊದಲೇ ಹೊಸ ಸೂಜಿ ಒಳಗೆ ಸೇರಬೇಕು.

ಹೈದರಾಬಾದಿಗೆ ಮರಳಿದ ಮೇಲೆ ಒಂದು ಸಂಜೆ ನಾನು ಹೀಗೆ ಹೊಲಿಯುತ್ತ ಕುಳಿತಿದ್ದಾಗ ನನ್ನ ತಾಯಿಯವರು ಬಂದು ನೋಡಿದರು. ಹುಮನಾಬಾದಿನ ಕಡೆಯವರು, ಆ ಕಡೆಯ ಮಾತನ್ನು ಬಿಟ್ಟವರಲ್ಲ. "ಇದೇನ್ ಹೊಸಾದೋ ತಮ್ಮಾ, ಸಿಂಬಿ ಮ್ಯಾಲ ಸಿಂಬಿ ಇಟ್ಟು ಹೊಲದೀ, ಅಷ್ಟ" ಎಂದು ಹೇಳಿ ಒಳಗೆ ಹೋದರು. ಈ ಲೇಖನ ಹುಟ್ಟಿದುದು ಆ ಮಾತಿನಿಂದ.

ಸಿಂಬೆ ಎಂಬುದು ಯಾರಿಗೆ ತಿಳಿಯದು? ಕೊಡವನ್ನೋ ಬುಟ್ಟಿಯನ್ನೋ ತಲೆಯ ಮೇಲೆ ಹೊರುವಾಗ ಕೆಳಗೆ ಇಟ್ಟುಕೊಳ್ಳುವ ಹುಲ್ಲಿನ ಅಥವಾ ಬಟ್ಟೆಯ ಸುರುಳಿ ಅದು. ಹಾವು ಸುತ್ತಿಕೊಂಡು ಮಲಗಿದ್ದರೆ ಸಿಂಬೆ ಸುತ್ತಿದೆ ಎನ್ನುತ್ತೇವೆ. ಸವದತ್ತಿಯ ಎಲ್ಲಮ್ಮನ ಕಥೆಯಲ್ಲಿ ರೇಣುಕೆ ಮಲಪ್ರಭೆಯ ಮರಳಿನಿಂದ ಕೊಡವನ್ನು ಮಾಡಿ, ಹಾವನ್ನೇ ಸಿಂಬೆಯಾಗಿಸಿ ತಲೆಯ ಮೇಲಿಟ್ಟುಕೊಂಡು ನೀರು ತರುತ್ತಿದ್ದಳು. ಜನಪದರ ಕಲ್ಪನೆಗೆ ಕೊಡ ಹೊಳೆದಾಗ ಅದರ ಕೆಳಗಿನ ಸುರುಳಿಯೂ ಹೊಳೆಯದೆ ಬಿಡಲಿಲ್ಲವೆಂಬುದು ಗಮನಾರ್ಹವಾಗಿದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅವಶ್ಯಕ. ನಮ್ಮ ಮೇದರು ಮಾಡುವ ಮೊರ, ಹೆಡಿಗೆ, ಮಂಕರಿ, ತೊಟ್ಟಿಲುಗಳು ಹೆಣಿಗೆಯವು. ಬಿದಿರಿನ ಸೀಳುಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯ್ದು ಪರಸ್ಪರ ಹಿಡಿದುಕೊಳ್ಳುತ್ತವೆ. ಸುರುಳಿಬುಟ್ಟಿಯಲ್ಲಿ ಹೆಣಿಗೆಯಿಲ್ಲ, ಒಂದೇ ಉದ್ದನೆಯ ಕಟ್ಟು ತನ್ನನ್ನು ತಾನೇ ಸುತ್ತಿಕೊಳ್ಳುತ್ತದೆ. ಮೊದಲನೆಯದಕ್ಕೆ ಬಿದಿರಿನಂತಹ ಗಡಸು ವಸ್ತು ಬೇಕು, ಕತ್ತಿ ಬೇಕು, ವರ್ಷಗಳ ಪಳಗಿಕೆ ಬೇಕು. ಎರಡನೆಯದಕ್ಕೆ ಹುಲ್ಲಾದರೂ ಆಗುತ್ತದೆ. ಬಿದಿರು ಹೇರಳವಾಗಿ ಬೆಳೆಯುವ ನಮ್ಮ ನಾಡಿನಲ್ಲಿ ಹೆಣಿಗೆಯೇ ಮೇಲುಗೈ ಪಡೆದುದು ಸಹಜವೆಂದು ತೋರುತ್ತದೆ. ಆದರೂ ಸುರುಳಿ ನಮಗೆ ಪರಕೀಯವಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಅಕ್ಕಿಮುಡಿಯನ್ನು ನೆನೆಯಿರಿ. ಬೈಹುಲ್ಲನ್ನು ಹರಡಿ, ಅಕ್ಕಿಯನ್ನು ಸುರಿದು, ಮೇಲೆತ್ತಿ ಮುಚ್ಚಿ, ಹುಲ್ಲಿನ ಹಗ್ಗವನ್ನು ಸುತ್ತಿಗೆ ಸುತ್ತು ತಾಗಿಸಿ ಬಿಗಿದ ಆ ಗುಂಡನೆಯ ಪೊಟ್ಟಣ ಸುರುಳಿಯ ಬಲದ ಮೇಲೆಯೇ ನಿಂತಿದೆ. ನಲವತ್ತೆರಡು ಸೇರಿಗೆ ಒಂದು ಮುಡಿ; ಗೇಣಿಯನ್ನು ಅಳೆದುದು ಮುಡಿಯ ಲೆಕ್ಕದಲ್ಲಿ. 1974ರ ಭೂಸುಧಾರಣೆಯಿಂದ ಕರ್ನಾಟಕದಲ್ಲಿ ಗೇಣಿ ಹೋಯಿತು, ಗೋಣಿಚೀಲ ಬಂದಿತ್ತು, ಮುಡಿ ಕಟ್ಟುವ ಕೈಗಳು ಅಪರೂಪವಾದವು.

ಸುರುಳಿಯ ಪ್ರಾಚೀನತೆಯ ಮಾತು ಬೇರೆಯೇ. ಈಜಿಪ್ಟಿನ ಫಯೂಮಿನಲ್ಲಿ 1920ರ ದಶಕದ ಉತ್ಖನನದಲ್ಲಿ ದೊರೆತ, ಕ್ರಿಸ್ತಪೂರ್ವ ಐದನೆಯ ಸಹಸ್ರಮಾನದ ಧಾನ್ಯದ ಹಗೇವುಗಳ ಒಳಮೈಗೆ ಹುಲ್ಲಿನ ಸುರುಳಿ ಹೊಲಿಗೆಯ ಹೊದಿಕೆಯಿತ್ತು. ನಮ್ಮ ಉಪಖಂಡದ ಮೆಹರ್‌ಗಢದಲ್ಲಿ, ಮಡಕೆ ಇನ್ನೂ ಬಾರದ ಕಾಲದಲ್ಲಿಯೇ, ಜನರು ಬುಟ್ಟಿಗೆ ಬಿಟುಮೆನ್ ಬಳಿದು ನೀರು ಸೋರದಂತೆ ಮಾಡಿಕೊಂಡಿದ್ದರು. ನಮ್ಮ ಮಸ್ಕಿಯ ನೆಲ ಅಷ್ಟು ಒಣಗಿದುದಲ್ಲ. ಅದು ಅಶೋಕನ ಶಾಸನವನ್ನು ಕಾಯ್ದು ಕೊಟ್ಟಿತು, ಕಲ್ಲಿನ ಕೊಡಲಿಗಳನ್ನು ಕೊಟ್ಟಿತು. ಹುಲ್ಲನ್ನು ಕೇಳಿದರೆ ಎಲ್ಲಿಂದ ಕೊಟ್ಟೀತು?

ಪೈನ್ ಸೂಜಿಯ ಬುಟ್ಟಿ ಹವ್ಯಾಸವಾದುದು ಅಮೆರಿಕದಲ್ಲಿ. ಅಲ್ಲಿಯ ದಕ್ಷಿಣ ರಾಜ್ಯಗಳಲ್ಲಿ ಒಂದೂವರೆ ಅಡಿಯವರೆಗೆ ಸೂಜಿ ಬೆಳೆಯುವ ಪೈನ್ ಮರವಿದೆ. ಲೂಯಿಸಿಯಾನದ ಕೌಶಾಟ್ಟಾ ಮೂಲನಿವಾಸಿಗಳು ಅದರಿಂದ ಬುಟ್ಟಿ ಮಾಡುವುದರಲ್ಲಿ ಹೆಸರಾದವರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಪೇಟೆಯ ಸರಕು ದೊರೆಯದೆ ಹೋದಾಗ ಮೆಕಫೀ ಎಂಬ ಮಹಿಳೆ ಈ ಸೂಜಿಗಳಿಂದ ಟೋಪಿಯೊಂದನ್ನು ಹೊಲಿದಳೆಂದೂ, ಬಿಳಿಯರಲ್ಲಿ ಈ ಕೆಲಸ ಹರಡಿದುದು ಅಲ್ಲಿಂದೀಚೆಗೆಂದೂ ಹೇಳಿಕೆಯಿದೆ. 1901ರಲ್ಲಿ ಜಾರ್ಜ್ ವಾರ್ಟನ್ ಜೇಮ್ಸ್ ಮೂಲನಿವಾಸಿಗಳ ಬುಟ್ಟಿಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸುವ ವೇಳೆಗೆ ಬುಟ್ಟಿ ಹೆಣೆಯುವುದೂ ಕೂಡಿಡುವುದೂ ನಗರದ ಸುಶಿಕ್ಷಿತರಿಗೆ ಒಂದು ಗೀಳಾಗಿತ್ತು. ಬುಟ್ಟಿ ಮಾಡಿ ಬದುಕಬೇಕಾದವರು ನೆಲೆ ಕಳೆದುಕೊಂಡ ಕಾಲದಲ್ಲಿಯೇ ಬುಟ್ಟಿ ಮಾಡದೆ ಬದುಕಬಲ್ಲವರು ಅದನ್ನು ಕೈಗೆತ್ತಿಕೊಂಡರೆಂಬುದನ್ನು ಮರೆಯಬಾರದು. ನಾನೂ ಎರಡನೆಯ ವರ್ಗಕ್ಕೆ ಸೇರಿದವನೇ.

ಇದನ್ನು ಯೋಚಿಸುವಾಗ ಕನ್ನಡಿಗನ ಮನಸ್ಸು ಕಲ್ಯಾಣದ ಕಡೆಗೆ ತಿರುಗದೆ ಇರದು. ಹೈದರಾಬಾದಿನಿಂದ ಮುಂಬಯಿಯ ಹೆದ್ದಾರಿ ಹಿಡಿದು ಜಹೀರಾಬಾದು, ಹುಮನಾಬಾದುಗಳನ್ನು ದಾಟಿ ಬಲಕ್ಕೆ ತಿರುಗಿದರೆ ಬಸವಕಲ್ಯಾಣ. 1956ರವರೆಗೆ ಅದು ಈ ನಗರವೇ ರಾಜಧಾನಿಯಾಗಿದ್ದ ರಾಜ್ಯದಲ್ಲಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ನಾರು ಬಿದಿರುಗಳ ಕಾಯಕದವರು ಇಬ್ಬರು ಪ್ರಸಿದ್ಧರು. ಗವರೇಶ್ವರ ಎಂಬ ಅಂಕಿತದ ಮೇದಾರ ಕೇತಯ್ಯ ಬಿದಿರು ಕಡಿದು ಬುಟ್ಟಿ ಮೊರಗಳನ್ನು ಮಾಡಿ ಮಾರಿದವನು. ನುಲಿಯ ಚಂದಯ್ಯ ಕೆರೆಯಂಗಳದ ಹುಲ್ಲನ್ನು ಕೊಯ್ದು ಹಗ್ಗ ಹೊಸೆದವನು; ಅವನ ಹೆಸರಿನಲ್ಲಿಯೇ ಅವನ ಕೆಲಸವಿದೆ. ನುಲಿಯುವುದೆಂದರೆ ಹೊಸೆಯುವುದು. ಗಿಡ್ಡ ಗಿಡ್ಡ ಹುಲ್ಲಿನ ಎಳೆಗಳು ಉದ್ದನೆಯ ಹಗ್ಗವಾಗುವುದು, ಹಳೆಯ ಎಳೆ ಮುಗಿಯುವ ಮೊದಲೇ ಹೊಸ ಎಳೆ ಸೇರುವುದರಿಂದ. ಆಲ್ಮೋರಾದ ವೃದ್ಧೆ ನನಗೆ ಹೇಳಿಕೊಟ್ಟ ನಿಯಮವೇ ಅದು.

ಈ ಇಬ್ಬರ ಕಥೆಗಳಲ್ಲಿಯೂ ಹಣದ ಪ್ರಸ್ತಾಪ ಬರುತ್ತದೆ. ಕೇತಯ್ಯನನ್ನು ಪರೀಕ್ಷಿಸಲೆಂದು ಶಿವನು ಬಿದಿರಿನೊಳಗೆ ಹೊನ್ನನ್ನು ತುಂಬಿಸಿದನಂತೆ. ಕೇತಯ್ಯ ಅದನ್ನು ಹುಳು ಬಿದ್ದ ಬಿದಿರೆಂದು ಬಿಸುಟು ಮುಂದಕ್ಕೆ ಹೋದನಂತೆ. ಚಂದಯ್ಯನ ಕೊರಳಿನ ಲಿಂಗ ಹುಲ್ಲು ಕೊಯ್ಯುವಾಗ ಜಾರಿ ಬಿದ್ದಿತು. ಅವನು ಕೆಲಸ ಬಿಟ್ಟು ಅದನ್ನು ಎತ್ತಿಕೊಳ್ಳಲಿಲ್ಲ. ಬೆನ್ನು ಹತ್ತಿ ಬಂದ ಲಿಂಗಕ್ಕೆ ಮಡಿವಾಳ ಮಾಚಯ್ಯನ ಸಂಧಾನದ ಬಳಿಕ ಹಗ್ಗ ಮಾರುವ ಕೆಲಸ ದೊರೆಯಿತು. ಆ ಹಗ್ಗಕ್ಕೆ ಬಸವಣ್ಣನು ಸಲ್ಲುವ ಬೆಲೆಗಿಂತ ಎಷ್ಟೋ ಹೆಚ್ಚು ಹೊನ್ನನ್ನು ಕೊಟ್ಟಾಗ ಚಂದಯ್ಯ ಸಂತೋಷಪಡಲಿಲ್ಲ, ಒಪ್ಪಲೂ ಇಲ್ಲ. ಪವಾಡಗಳನ್ನು ಬದಿಗಿಟ್ಟು ನೋಡಿದರೂ ಉಳಿಯುವ ಅಂಶವೊಂದಿದೆ: ಹಗ್ಗಕ್ಕೆ ನ್ಯಾಯವಾದ ಬೆಲೆಯೊಂದು ಉಂಟು, ಕಡಿಮೆಯಂತೆ ಹೆಚ್ಚೂ ಅನ್ಯಾಯವೇ. ಬಡ್ಡಿಯ ಲೆಕ್ಕದಲ್ಲಿ ದಿನ ಕಳೆಯುವ ನನ್ನಂಥವನಿಗೆ ಇದು ಮುಜುಗರದ ಕಥೆ.

ಆ ನ್ಯಾಯವಾದ ಬೆಲೆಗೆ ಇಪ್ಪತ್ತನೆಯ ಶತಮಾನದಲ್ಲಿ ಏನಾಯಿತು? 1909ರಲ್ಲಿ ಥರ್ಸ್ಟನ್ನರು ಪ್ರಕಟಿಸಿದ ದಕ್ಷಿಣಭಾರತದ ಜಾತಿಗಳ ಗ್ರಂಥದಲ್ಲಿ ಮೇದರು ಕನ್ನಡ, ತೆಲುಗು, ಒರಿಯಾ, ತಮಿಳು ಸೀಮೆಗಳಲ್ಲೆಲ್ಲ ಬಿದಿರಿನ ಕೆಲಸಗಾರರಾಗಿ ಕಾಣಿಸಿಕೊಳ್ಳುತ್ತಾರೆ. 1927ರ ಅರಣ್ಯ ಕಾಯಿದೆ ಬಿದಿರನ್ನು ಮರವೆಂದು ಎಣಿಸಿತು. ಸಸ್ಯಶಾಸ್ತ್ರಕ್ಕೆ ಅದು ಹುಲ್ಲು. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಎಣಿಕೆಯಿಂದ ಬಿಡಿಸಲು 2017 ಬರಬೇಕಾಯಿತು. ನಿಜಾಮರ ರಾಜ್ಯದಲ್ಲಿ 1938ರಲ್ಲಿ ಸಿರಪುರದ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಅದು ನೆಚ್ಚಿದುದು ಆದಿಲಾಬಾದಿನ ಕಾಡಿನ ಬಿದಿರನ್ನು, ಎಂದರೆ ಕೊಲಾಮರು ಬುಟ್ಟಿ ಹೆಣೆಯುತ್ತಿದ್ದ ಬಿದಿರನ್ನೇ. ಕರ್ನಾಟಕದಲ್ಲಿ 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾರ್ಖಾನೆಗೆ ಸರಕಾರ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತು; ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ತೆರಬೇಕಾಗಿದ್ದ ಬೆಲೆ ಅದರ ನೂರಾರು ಪಾಲು. 1975ರಲ್ಲಿ ಮಾಧವ ಗಾಡ್ಗೀಳರು ಕರ್ನಾಟಕದ ಬಿದಿರಿನ ಅಧ್ಯಯನವನ್ನು ಕೈಗೊಂಡುದರ ಹಿಂದೆ ಬುಟ್ಟಿ ಹೆಣೆಯುವವರ ದೂರು ಇತ್ತು. ಹೀಗೆ ಮೊರಕ್ಕೆ ಸಲ್ಲಬೇಕಾಗಿದ್ದ ಬಿದಿರು ಕಾಗದವಾಯಿತು. ಕೇತಯ್ಯನ ವಚನಗಳನ್ನು ನಾವು ಅಚ್ಚಿಸಿ ಓದಿದ ಕಾಗದದಲ್ಲಿ ಆ ಬಿದಿರು ಎಷ್ಟಿತ್ತೋ ಹೇಳುವವರಾರು?

ಬಿದಿರು ಹೋದಂತೆ ಮಾತೂ ಹೋಗುತ್ತದೆ. ಭದ್ರಿರಾಜು ಕೃಷ್ಣಮೂರ್ತಿಯವರು ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿಗಾಗಿ ತೆಲುಗಿನ ಮಾಂಡಲಿಕ ವೃತ್ತಿಪದಕೋಶವನ್ನು ಸಿದ್ಧಪಡಿಸಿದರು; ವ್ಯವಸಾಯದ ಸಂಪುಟ 1962ರಲ್ಲಿ, ಕೈಮಗ್ಗದ ಸಂಪುಟ 1971ರಲ್ಲಿ ಹೊರಬಂದವು. ಕಸಬಿನವರ ಬಾಯಿಂದಲೇ ಪದಗಳನ್ನು ಕೇಳಿ ಬರೆದುಕೊಂಡ ಕೆಲಸವದು. ಹೊರನಾಡಿನ ಕನ್ನಡಿಗರಾದ ನಾವು ಕಲ್ಯಾಣದ ಹೆಸರನ್ನು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಹೇಳುತ್ತೇವೆ; ಕಲ್ಯಾಣದ ಕಡೆಯಿಂದ ಬಂದು ಇದೇ ನಗರದ ರಸ್ತೆಬದಿಯಲ್ಲಿ ಬಿದಿರು ಸೀಳುವವರನ್ನು ಮಾತನಾಡಿಸಿದುದು ಅಪರೂಪ. ನಾನೂ ಇಪ್ಪತ್ತು ವರ್ಷ ಅವರ ಮುಂದಿನಿಂದಲೇ ಆಫೀಸಿಗೆ ಹೋದವನು.

ಆಲ್ಮೋರಾದಿಂದ ತಂದ ಸೂಜಿಗಳು ತೀರಿದ ಮೇಲೆ ಮೊದಲು ಗಾಳಿಮರದ ಕಡ್ಡಿಗಳಿಂದ ಪ್ರಯತ್ನಿಸಿದೆನು. ಅವು ಎಲೆಗಳೇ ಅಲ್ಲ, ಗಂಟುಗಂಟಾದ ಟಿಸಿಲುಗಳು, ಬಗ್ಗಿಸಿದರೆ ಮುರಿಯುತ್ತವೆ. ಆ ಬಳಿಕ ಬೇಸಿಗೆಯಲ್ಲಿ ಕೂಲರಿಗೆ ಖಸ್ ಕಟ್ಟುವವರಿಂದ ಲಾವಂಚದ ಬೇರನ್ನು ಕೊಂಡು ತಂದೆನು. ಅದು ಒಗ್ಗಿತು, ಮನೆಯೂ ಪರಿಮಳಿಸಿತು. ಇಪ್ಪತ್ತೆರಡು ಸಂಜೆಗಳಲ್ಲಿ ಮುಗಿದ ಆ ಬುಟ್ಟಿಯನ್ನು ಹಿಡಿದುಕೊಂಡು ಬಿದಿರಿನ ಕೆಲಸದವರ ಓಣಿಗೆ ಹೋದೆನು. ಜಹೀರಾಬಾದಿನ ಕಡೆಯ ವಯಸ್ಸಾದ ಮೇದರ ಹೆಂಗಸೊಬ್ಬರು ಅದನ್ನು ಕೈಗೆ ತೆಗೆದುಕೊಂಡು, ಎಲ್ಲರೂ ನೋಡುವ ಅಂಚನ್ನು ನೋಡದೆ, ನೇರವಾಗಿ ಮಗುಚಿ ತಳವನ್ನು ಹೆಬ್ಬೆರಳಿನಿಂದ ಒತ್ತಿದರು.

"ಎಷ್ಟು ದಿನ ಹಿಡೀತ್ರೀ ಯಪ್ಪಾ?"

ಹೇಳಿದೆನು. ಅವರು ನಗಲಿಲ್ಲ. ತಾವು ದಿನಕ್ಕೆ ನಾಲ್ಕೈದು ಬುಟ್ಟಿ ಇಳಿಸಬೇಕೆಂದೂ, ಇಲ್ಲದಿದ್ದರೆ ಬೊಂಬಿನ ದುಡ್ಡೂ ಹುಟ್ಟುವುದಿಲ್ಲವೆಂದೂ ಹೇಳಿದರು. ಅರ್ಧ ತಾಸು ಕುಳಿತು ನಾನು ಕೇಳಿದುದಕ್ಕೆಲ್ಲ ಉತ್ತರ ಕೊಟ್ಟರು. ಬಿದಿರಿನ ಹೊರಮೈಯ ಸೀಳಿಗೆ ಒಂದು ಹೆಸರು, ಒಳಮೈಯದಕ್ಕೆ ಇನ್ನೊಂದು, ತಳದ ಅಡ್ಡಪಟ್ಟಿಗೆ ಮತ್ತೊಂದು. ಕೆಲವು ಕನ್ನಡ, ಕೆಲವು ತೆಲುಗು, ಕೆಲವು ಎರಡೂ ಅಲ್ಲ. ಇಪ್ಪತ್ತಾರು ಪದಗಳನ್ನು ಬರೆದುಕೊಂಡೆನು. ಏಳುವಾಗ ಬುಟ್ಟಿಯನ್ನು ಮರಳಿ ಕೊಡುತ್ತ, "ನಡುವಿಂದು ಸಡಿಲ ಅದ. ಬಿಚ್ಚಿ ಮೊದಲಿಂದ ಸುತ್ತರಿ" ಎಂದರು. ಮನೆಗೆ ಬಂದು ನೋಡಿದರೆ ನಡುವಿನ ಮೂರು ಸುತ್ತುಗಳ ಹೊಲಿಗೆ ನಿಜವಾಗಿಯೂ ಸಡಿಲವಾಗಿತ್ತು. ಅವನ್ನು ಬಿಚ್ಚಬೇಕಾದರೆ ಇಡೀ ಬುಟ್ಟಿಯನ್ನು ಹೊರಗಿನಿಂದ ಬಿಚ್ಚುತ್ತ ಬರಬೇಕು. ಬಿಚ್ಚುತ್ತಿದ್ದೇನೆ.