ಏರಿ ಒಡೆಯುವ ಮೊದಲು

ಕೆರೆ ಒಡೆದರೆ ಮಳೆಯನ್ನು ಬೈಯುತ್ತಾರೆ, ವಿಮಾನ ಬಿದ್ದರೆ ಮೆಕ್ಯಾನಿಕ್ಕನ್ನು. ಬೆಂಗಳೂರಿನ ಹ್ಯಾಂಗರಿನಲ್ಲಿ ವಿಮಾನ ರಿಪೇರಿ ಮಾಡಿಯೇ ನಿವೃತ್ತನಾದ ನನಗೆ, ಹುಟ್ಟೂರು ಸೊರಬದ ಕೆರೆಗಳನ್ನು ಸುತ್ತುವಾಗ ಒಂದು ಮಾತು ಗಟ್ಟಿಯಾಗುತ್ತ ಬಂದಿದೆ. ತಪ್ಪು ಹುಟ್ಟುವುದು ಕೈಯಲ್ಲಲ್ಲ, 'ಈ ಸಲ ನಡೀತದೆ ಬಿಡು' ಎನ್ನುವ ತೀರ್ಮಾನದಲ್ಲಿ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಸುಮಾರು 17,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಅರ್ಧ ದೇಹ ಹೊರಗೆ ಸೆಳೆದುಹೋದ ಕ್ಯಾಪ್ಟನ್ನರ ಕಾಲುಗಳನ್ನು ಸಿಬ್ಬಂದಿ ಬಿಡದೆ ಹಿಡಿದುಕೊಂಡರು, ಅವರು ಬದುಕಿದರು. ಆ ಗಾಜನ್ನು ಕೂರಿಸಿದವನು ರಾತ್ರಿಪಾಳಿಯ ಮೇಲಧಿಕಾರಿ. ಉಗ್ರಾಣದವನು ಸರಿಯಾದ ಅಳತೆ ಹೇಳಿದರೂ ಕಿತ್ತ ಹಳೆಯ ಬೋಲ್ಟನ್ನೇ ನಂಬಿ, ಅದಕ್ಕೆ ಹೋಲುವುದನ್ನು ಮಂದ ಬೆಳಕಿನಲ್ಲಿ ಕಣ್ಣಳತೆಯಿಂದ ಆರಿಸಿದ. 90ರಲ್ಲಿ 84 ಬೋಲ್ಟುಗಳು ಸಣ್ಣವಾದವು. ಹಳೆಯವೂ ತಪ್ಪು ಅಳತೆಯವೇ. ಆದರೆ ವರ್ಷಗಟ್ಟಲೆ ತಡೆದಿದ್ದವಲ್ಲ, ಆ ಧೈರ್ಯವೇ ಮುಳುವಾಯಿತು.

ನಮ್ಮ ಕಡೆಯ ಕೆರೆಗಳಿಗೂ ಇಂಥ ಧೈರ್ಯದ ಅಪಾಯವಿದೆ, ಏಕೆಂದರೆ ಅವೂ ಬಹಳ ಕಾಲದಿಂದ ತಡೆದು ನಿಂತಿವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ, ಕದಂಬ ಕಾಕುತ್ಸ್ಥವರ್ಮ ದೇವಾಲಯದ ಬಳಿ ಕೆರೆ ತೋಡಿಸಿದ್ದನ್ನು ಕವಿ ಕುಬ್ಜ ಐದನೆಯ ಶತಮಾನದಲ್ಲೇ ಕೆತ್ತಿಸಿದ್ದಾನೆ. ಬಳ್ಳಿಗಾವಿಯ ಕೇದಾರೇಶ್ವರ ನಿಂತಿರುವುದೂ ಕೆರೆಯ ದಂಡೆಯಲ್ಲೇ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಎಂಟನೆಯ ಸಂಪುಟಗಳಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಾಸನಗಳು ಸಿಗುತ್ತವೆ.

ಕಟ್ಟಿಸುವುದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕಾಯುವ ಏರ್ಪಾಟು. ಕನ್ನಡ ನಾಡಿನ ಶಾಸನಗಳಲ್ಲಿ ಬಿತ್ತುವಟ್ಟವೆಂದು ಕೆರೆಗೇ ಬಿಟ್ಟ ದತ್ತಿ ಬರುತ್ತದೆ. ಹೂಳು ತೆಗೆದು ಏರಿಗೆ ಮಣ್ಣು ಹೊರುವ ಬಂಡಿಗೆಂದೇ ಬಿಟ್ಟ ದತ್ತಿಯೂ ಬರುತ್ತದೆ. ಏರಿ ಬಿರುಕು ಬಿಟ್ಟಿದೆಯೋ ಇಲ್ಲವೋ, ಬಂಡಿ ಓಡಬೇಕು. ಹೂಳೆತ್ತಬೇಕೇ ಬೇಡವೇ ಎಂಬ ಚರ್ಚೆಯನ್ನು ಅವರು ವರ್ಷವರ್ಷದ ಮನಸ್ಸಿಗೆ ಬಿಡಲಿಲ್ಲ, ಕಲ್ಲಿನಲ್ಲಿ ಮುಗಿಸಿಬಿಟ್ಟರು. ಇಷ್ಟು ಗಂಟೆ ಹಾರಿದ ಮೇಲೆ, ಸದ್ದು ಎಷ್ಟೇ ಸೊಗಸಾಗಿದ್ದರೂ, ಎಂಜಿನ್ನನ್ನು ತಪಾಸಣೆಗೆ ಇಳಿಸಲೇಬೇಕೆಂಬ ನಮ್ಮ ನಿಯಮದ ಹಿಂದೆಯೂ ಇದೇ ವಿವೇಕವಿದೆ. ಕೆರೆಯ ದತ್ತಿ ಮತ್ತು ನೀರು ಹಂಚುವ ನೀರಗಂಟಿಯ ಅಧಿಕಾರ ಸೊರಗಿದ ಮೇಲೆ ಈ ವಿವೇಕವೂ ಸೊರಗಿತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನು ತಂದದ್ದು ಊರವರನ್ನು ಮತ್ತೆ ಏರಿಗೆ ಕರೆತರಲಿಕ್ಕೆ.

ಕಡಪ ಸೀಮೆಯ ಪೊರುಮಾಮಿಳ್ಳದ 1369ರ ಶಾಸನ ಕೆರೆಯ ಆರು ದೋಷಗಳನ್ನು ಎಣಿಸುತ್ತದೆ. ಏರಿ ಜಿನುಗುವುದು ಒಂದು. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು. ಆ ಎರಡನೆಯದನ್ನು ನಾನು ಹ್ಯಾಂಗರಿನಲ್ಲೂ ಕಂಡಿದ್ದೇನೆ: ಪಾಳಿ ಬದಲಾಗುವಾಗ ಅರ್ಧಕ್ಕೆ ನಿಂತ ಕೆಲಸ ಯಾರದ್ದೂ ಅಲ್ಲ. ನಮ್ಮ ಕೆರೆಗಳಿಗೆ ಈಗಲೂ ಇಂಥ ಗಡಿಯಿದೆ: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಡಿಮೆಯದು ಜಿಲ್ಲಾ ಪಂಚಾಯಿತಿಯದು. ತೂಬಿನ ಕಲ್ಲು ಸರಿದದ್ದನ್ನು ಬೆಳಗ್ಗೆ ಮೊದಲು ಕಾಣುವ ಗದ್ದೆಯವನ ಹೆಸರು ಯಾವ ಕಡತದಲ್ಲಿರಬೇಕು ಎಂಬುದನ್ನು ಮಾತ್ರ ನಾವಿನ್ನೂ ಬರೆದಿಟ್ಟಿಲ್ಲ.